ಮುದ್ದೆ ಉಂಡ ನಾಲಿಗೆಗೆ ಜಪಾನಿನ ಊಟ: ಹನ್ನೆರಡು ಹಂತಗಳಲ್ಲಿ

ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಶುರುವಾದ ಮೇಲೆ ನಮ್ಮ ಕೋಲಾರದ ಕಡೆ ಜಪಾನ್ ಅನ್ನೋದು ತೀರಾ ದೂರದ ಹೆಸರಾಗಿ ಉಳಿದಿಲ್ಲ. ತರಬೇತಿಗೋ, ಓದಿಗೋ, ಮಗಳ ಮನೆಗೋ, ಸುಮ್ಮನೆ ಊರು ನೋಡೋದಕ್ಕೋ ಹೊರಡುವವರು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲೂ ಇದ್ದಾರೆ. ಟಿಕೆಟ್ ಆಯಿತು, ವೀಸಾ ಆಯಿತು, ಸ್ವೆಟರ್ ಬಂತು. ಆಮೇಲೆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ: "ಎಲ್ಲಾ ಸರಿ, ಅಲ್ಲಿ ಹೊಟ್ಟೆಗೇನು ಮಾಡ್ತೀಯ?"

ಭಯಪಡಬೇಡಿ. ಹೊಸ ಊಟ ಕಂಡರೆ ಹಿಂಜರಿಯೋದು ದೊಡ್ಡ ತಪ್ಪೇನಲ್ಲ. ಬಸ್ಸಾರು, ಉಪ್ಸಾರು, ಅವರೆಕಾಳು ಹುಳಿ ತಿಂದು ಬೆಳೆದ ನಾಲಿಗೆಗೆ ಅದರದೇ ಲೆಕ್ಕ ಇರುತ್ತದೆ. ಆ ಲೆಕ್ಕವನ್ನು ಬಿಟ್ಟುಕೊಡದೆಯೂ ಜಪಾನಿನಲ್ಲಿ ದಿನಕ್ಕೆ ಮೂರು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು. ಅದಕ್ಕೆ ಬೇಕಾದದ್ದು ಸ್ವಲ್ಪ ತಯಾರಿ. ಒಂದೊಂದೇ ಹಂತ ಮಾಡುತ್ತಾ ಹೋಗಿ. ಮೊದಲ ಐದು ಹಂತ ಊರಲ್ಲೇ ಮುಗಿಯುತ್ತವೆ.

ಹಂತ 1: ನಿಮ್ಮ ಗೆರೆ ಎಳೆದುಕೊಳ್ಳಿ

ಒಂದು ಹಾಳೆ ತಗೊಂಡು ಮೂರು ಸಾಲು ಮಾಡಿ. ಮೊದಲನೆಯದು "ತಿನ್ನುತ್ತೇನೆ", ಎರಡನೆಯದು "ತಿನ್ನುವುದಿಲ್ಲ", ಮೂರನೆಯದು "ನೋಡೋಣ". ಮೊಟ್ಟೆ ಯಾವ ಸಾಲಿಗೆ? ಕೋಳಿ? ದನದ ಮಾಂಸ, ಹಂದಿ? ಹಸಿ ಮೀನು? ಮೀನಿನ ಸಾರು ಬೆರೆತ ತರಕಾರಿ? ಒಂದೊಂದನ್ನೂ ಬರೆಯಿರಿ.

ಎಚ್ಚರಿಕೆ: "ನಾನು ವೆಜ್" ಎಂದು ಒಂದೇ ಮಾತು ಬರೆದು ನಿಲ್ಲಿಸಬೇಡಿ. ಆ ಪದಕ್ಕೆ ನಮ್ಮಲ್ಲಿರುವ ಅರ್ಥ ಅಲ್ಲಿಲ್ಲ. ಮಾಂಸದ ತುಂಡು ಕಾಣದಿದ್ದರೆ ಸಾಕು, ಅದು ತರಕಾರಿ ಊಟವೇ ಎಂದು ಪ್ರಾಮಾಣಿಕವಾಗಿ ನಂಬಿ ಬಡಿಸುವವರಿದ್ದಾರೆ.

ಹಂತ 2: ವಿಮಾನದ ಊಟ ಮೊದಲೇ ಹೇಳಿಡಿ

ಟಿಕೆಟ್ ಬುಕ್ ಮಾಡಿದ ವೆಬ್‌ಸೈಟ್ ಅಥವಾ ಆಪ್‌ನಲ್ಲಿ "ಸ್ಪೆಷಲ್ ಮೀಲ್" ಎಂಬ ಜಾಗ ಹುಡುಕಿ. ನಮ್ಮ ಮಸಾಲೆಯ ಸಸ್ಯಾಹಾರ ಬೇಕಿದ್ದರೆ ಎವಿಎಂಎಲ್ ಎಂಬ ಸಂಕೇತ ಆರಿಸಿ. ಜೈನರ ಊಟಕ್ಕೆ ವಿಜೆಎಂಎಲ್. ಇದನ್ನು ಹೊರಡುವುದಕ್ಕೆ ಎರಡು ದಿನ ಮೊದಲಾದರೂ ಮುಗಿಸಿ.

ಎಚ್ಚರಿಕೆ: ದಾರಿಯಲ್ಲಿ ವಿಮಾನ ಬದಲಾಯಿಸುವುದಿದ್ದರೆ ಎರಡೂ ವಿಮಾನಕ್ಕೆ ಆರಿಸಿದ್ದೀರಾ ನೋಡಿ. ಹೋಗುವಾಗಿನದು ಮಾತ್ರ ಹೇಳಿ, ಬರುವಾಗಿನದು ಮರೆಯುವವರು ಬಹಳ.

ಹಂತ 3: ಚೀಲ ಕಟ್ಟಿ

ಇವು ಇರಲಿ: ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅಂಗಡಿಯ ಸೀಲ್ ಬಿಚ್ಚದ ಸಾರಿನಪುಡಿ, ನಿಪ್ಪಟ್ಟು, ಕೋಡುಬಳೆ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿಯ ಪ್ಯಾಕೆಟ್, ಬಿಸಿ ಮಾಡಿ ತಿನ್ನುವ ಬಿಸಿಬೇಳೆಬಾತಿನ ಪೊಟ್ಟಣ. ಏಳು ದಿನದ ಪ್ರವಾಸಕ್ಕೆ ಏಳು ಪ್ಯಾಕೆಟ್ ಸಾಕು. ಇಡೀ ಪ್ರವಾಸ ಅದರಲ್ಲೇ ಕಳೆಯೋದಕ್ಕಲ್ಲ, ಸುಸ್ತಾದ ಸಂಜೆಗೆ ಆಸರೆ ಇರಲಿ ಅಂತ.

ಇವು ಬೇಡ: ಮಾಂಸದ ಯಾವುದೇ ಪದಾರ್ಥ, ಕೋಳಿ ಉಪ್ಪಿನಕಾಯಿ ಸಹ ಬೇಡ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ತರಕಾರಿ, ಹಣ್ಣು ಬೇಡ. ಅಕ್ಕಿ, ಬೇಳೆಕಾಳು ಸಹ ಪ್ರಮಾಣಪತ್ರ ಇಲ್ಲದೆ ತೊಂದರೆ. ಶ್ರೀನಿವಾಸಪುರದ ಮಾವು ಒಯ್ಯುವ ಆಸೆ ಯಾರಿಗಿಲ್ಲ ಹೇಳಿ! ಆದರೆ ಹಣ್ಣು ನೊಣದ ಭಯಕ್ಕೆ ಜಪಾನ್ ಭಾರತದ ಮಾವನ್ನು ಬಹಳ ವರ್ಷ ತಡೆದಿತ್ತು. 2006ರಲ್ಲಿ ಬಾಗಿಲು ತೆರೆದದ್ದು ಬಿಸಿ ಆವಿಯಲ್ಲಿ ಸಂಸ್ಕರಿಸಿ, ತಪಾಸಣೆ ಮಾಡಿ ಕಳಿಸಿದ ಹಣ್ಣಿಗೆ ಮಾತ್ರ. ಕೈಚೀಲದ ಬಾದಾಮಿ, ಮಲ್ಲಿಕಾ ವಿಮಾನ ನಿಲ್ದಾಣದಲ್ಲೇ ಉಳಿದುಬಿಡುತ್ತವೆ.

ರಾಗಿಹಿಟ್ಟು ಒಯ್ಯಲೇಬೇಕು ಅನ್ನಿಸಿದರೆ ಪ್ಯಾಕ್ ಬಿಚ್ಚದೆ ಒಯ್ಯಿರಿ. ಇಳಿದ ಕೂಡಲೇ ಕ್ವಾರಂಟೈನ್ ಕೌಂಟರ್‌ನಲ್ಲಿ ತೋರಿಸಿ, ಬೇಡ ಅಂದರೆ ಬಿಟ್ಟುಬನ್ನಿ. ಮುಚ್ಚಿಡಬೇಡಿ.

ಎಚ್ಚರಿಕೆ: ಊರಿನ ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಒಯ್ಯಬೇಡಿ. ನಮ್ಮದು 230 ವೋಲ್ಟ್, ಅಲ್ಲಿ 100. ಪ್ಲಗ್ ಹೊಂದಿಸಿದರೂ ಐದನೇ ಒಂದು ಪಾಲು ಕಾವು ಮಾತ್ರ ಬರುತ್ತದೆ, ಅಕ್ಕಿ ನೆನೆದು ಕೂತಿರುತ್ತದೆ. ಅಲ್ಲಿನ ಹೋಟೆಲ್ ಕೋಣೆಗಳಲ್ಲಿ ಸಾಮಾನ್ಯವಾಗಿ ಕೆಟಲ್ ಇಟ್ಟೇ ಇರುತ್ತಾರೆ.

ಹಂತ 4: ಫೋನ್ ಸಿದ್ಧ ಮಾಡಿ

ಗೂಗಲ್ ಟ್ರಾನ್ಸ್‌ಲೇಟ್ ಹಾಕಿಕೊಳ್ಳಿ. ಅದರಲ್ಲಿ ಜಪಾನೀಸ್ ಭಾಷೆಯನ್ನು ಡೌನ್‌ಲೋಡ್ ಮಾಡಿಡಿ, ಇಂಟರ್‌ನೆಟ್ ಇಲ್ಲದಾಗಲೂ ನೆರವಾಗುತ್ತದೆ. ಕ್ಯಾಮೆರಾದ ಗುರುತು ಒತ್ತಿ ಮನೆಯಲ್ಲಿರುವ ಯಾವುದಾದರೂ ಪೊಟ್ಟಣದ ಮೇಲೆ ಹಿಡಿದು ಅಭ್ಯಾಸ ಮಾಡಿ.

ಆಮೇಲೆ ಒಂದು ಚೀಟಿ ಸಿದ್ಧ ಮಾಡಿ. "ನಾನು ಮಾಂಸ, ಮೀನು, ಮೀನಿನ ಸಾರು ತಿನ್ನುವುದಿಲ್ಲ. ಹಾಲು, ಮೊಸರು ಪರವಾಗಿಲ್ಲ" ಎಂದು ಹಂತ 1ರ ಹಾಳೆಯಂತೆ ಬರೆದು, ಜಪಾನೀಸಿಗೆ ತಿರುಗಿಸಿ, ಅದರ ಫೋಟೊ ಫೋನಿನಲ್ಲಿಡಿ. ಭಾಷೆ ಬಲ್ಲವರು ಪರಿಚಯದಲ್ಲಿದ್ದರೆ ಒಮ್ಮೆ ತೋರಿಸಿ ಸರಿಮಾಡಿಸಿ.

ಎಚ್ಚರಿಕೆ: ಅಲರ್ಜಿ ಇರುವವರು ಅದನ್ನು ಬೇರೆ ಚೀಟಿಯಲ್ಲಿ ಬರೆಯಿರಿ. ಇಷ್ಟವಿಲ್ಲದ್ದು ಬೇರೆ, ಜೀವಕ್ಕೆ ಅಪಾಯವಾದದ್ದು ಬೇರೆ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬಾರದು.

ಹಂತ 5: ಎರಡು ವಾಕ್ಯ ಬಾಯಿಪಾಠ ಮಾಡಿ

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಜಪಾನೀಸಿನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ಪದಕ್ಕೆ ಪದ ಜೋಡಿಸಿ ನೋಡಿ.

"ಕೊರೆ ನಿ ನಿಕು ಗ ಹೈತ್ತೆ ಇಮಸ್ ಕ?" ಇದರಲ್ಲಿ "ಕೊರೆ" ಎಂದರೆ ಇದು, "ನಿ" ಎಂದರೆ ನಮ್ಮ "ಅಲ್ಲಿ", "ನಿಕು" ಎಂದರೆ ಮಾಂಸ, "ಹೈತ್ತೆ ಇಮಸ್" ಎಂದರೆ ಸೇರಿದೆ. ಕೊನೆಯ "ಕ" ನಮ್ಮ ಪ್ರಶ್ನೆಯ "ಆ". ಅಂದರೆ, "ಇದರಲ್ಲಿ ಮಾಂಸ ಸೇರಿದೆಯಾ?"

"ನಿಕು ತೊ ಸಕಾನ ವ ತಬೆಮಸೆನ್." ಅಂದರೆ, "ಮಾಂಸ ಮತ್ತು ಮೀನು ತಿನ್ನುವುದಿಲ್ಲ."

ಜೊತೆಗೆ ಆರು ಪದ: ಗ್ಯೂ (ದನ), ಬುತ (ಹಂದಿ), ತೊರಿ (ಕೋಳಿ), ಸಕಾನ (ಮೀನು), ತಮಾಗೊ (ಮೊಟ್ಟೆ), ನಮ (ಹಸಿ).

ಎಚ್ಚರಿಕೆ: "ತಬೆಮಸ್" ಎಂದರೆ ತಿನ್ನುತ್ತೇನೆ, "ತಬೆಮಸೆನ್" ಎಂದರೆ ತಿನ್ನುವುದಿಲ್ಲ. ನಮ್ಮ "ಇಲ್ಲ" ಕೊನೆಗೆ ಬರುವ ಹಾಗೆ ಅವರ "ಸೆನ್" ಕೂಡ ಕೊನೆಗೇ. ನಾಚಿಕೆಯಿಂದ ಅದನ್ನು ನುಂಗಿಬಿಟ್ಟರೆ ಅರ್ಥ ತಿರುಗಾಮುರುಗ. ಆ ತುದಿಯನ್ನು ಗಟ್ಟಿಯಾಗಿ ಹೇಳಿ.

ಹಂತ 6: "ದಾಶಿ" ಏನೆಂದು ತಿಳಿದುಕೊಳ್ಳಿ

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಿದ್ದರೆ ಇದನ್ನು ನೆನಪಿಡಿ. ನಮ್ಮಲ್ಲಿ ಬಸ್ಸಾರಿಗೆ ಸೊಪ್ಪು, ಕಾಳು ಬಸಿದ ನೀರು ಹೇಗೆ ಮೂಲವೋ, ಜಪಾನಿನ ಅಡಿಗೆಗೆ ದಾಶಿ ಎಂಬ ತಿಳಿಸಾರು ಹಾಗೆ. ಸಾಮಾನ್ಯವಾಗಿ ಅದನ್ನು ಕೊಂಬು ಎಂಬ ಕಡಲ ಸಸ್ಯ ಮತ್ತು ಕತ್ಸುವೊಬುಶಿ ಎಂಬ ಒಣಮೀನಿನ ಚಕ್ಕೆಯಿಂದ ತೆಗೆಯುತ್ತಾರೆ. ಮಿಸೊ ಸೂಪ್, ಉದೊನ್ ಶ್ಯಾವಿಗೆಯ ಸಾರು, ಸೊಬಾ ಅದ್ದುವ ರಸ, ಬೇಯಿಸಿದ ಕುಂಬಳಕಾಯಿ ಪಲ್ಯ, ಮೊಟ್ಟೆಯ ಸುರುಳಿ, ಎಲ್ಲದರಲ್ಲೂ ಇದು ಇರಬಹುದು.

ನನ್ನ ಮೊದಲ ಮಧ್ಯಾಹ್ನ ಹೀಗೇ ಆಯಿತು. ರೈಲು ನಿಲ್ದಾಣದ ಬಳಿಯ ಒಂದು ಪುಟ್ಟ ಅಂಗಡಿಯಲ್ಲಿ ಉದೊನ್ ತಗೊಂಡೆ. ಬಟ್ಟಲಲ್ಲಿ ದಪ್ಪ ಶ್ಯಾವಿಗೆ, ಹೆಚ್ಚಿದ ಈರುಳ್ಳಿ ಹೂವು, ಮೇಲೊಂದು ಕರಿದ ತೋಫು. ಮಾಂಸ ಎಲ್ಲೂ ಇಲ್ಲ. ಬಟ್ಟಲು ಮುಖದ ಹತ್ತಿರ ತಂದಾಗ ಹಬೆಯ ಜೊತೆ ಒಣಮೀನಿನ ವಾಸನೆ ಬಂತು. ತಪ್ಪು ಅಂಗಡಿಯವರದಲ್ಲ, ಕೇಳದೆ ಇದ್ದದ್ದು ನಾನು.

ಇನ್ನೊಂದು ಗುರುತು: ಬಿಸಿ ತಿಂಡಿಯ ಮೇಲೆ ಕಂದು ಬಣ್ಣದ ತೆಳು ಚಕ್ಕೆಗಳು ಹಬೆಗೆ ಅಲ್ಲಾಡುತ್ತಿದ್ದರೆ ಅದೇ ಕತ್ಸುವೊಬುಶಿ. "ಕತ್ಸುವೊಬುಶಿ ನಶಿ ದೆ" ಎಂದರೆ ಅದಿಲ್ಲದೆ ಕೊಡಿ ಎಂದರ್ಥ.

ಈಗ ನಿಮ್ಮ ಹಾಳೆ ತೆಗೆಯಿರಿ. ಕಣ್ಣಿಗೆ ಕಾಣದ ದಾಶಿ ನಿಮಗೆ ಆಗುತ್ತದೆಯೋ, ಆಗುವುದಿಲ್ಲವೋ? ಎರಡೂ ಸರಿಯೇ. ತೀರ್ಮಾನ ಮಾತ್ರ ಮೊದಲೇ ಮಾಡಿಕೊಳ್ಳಿ.

ಹಂತ 7: ಮೊದಲ ಊಟ ಕೊಂಬಿನಿಯಲ್ಲಿ ಮಾಡಿ

ಕೊಂಬಿನಿ ಎಂದರೆ ಬೀದಿಬೀದಿಯಲ್ಲಿ ಕಾಣುವ ದಿನಸಿ-ತಿಂಡಿ ಅಂಗಡಿ. ಸೆವೆನ್ ಇಲೆವೆನ್, ಫ್ಯಾಮಿಲಿಮಾರ್ಟ್, ಲಾಸನ್ ಎಂಬ ಬೋರ್ಡ್ ನೋಡಿ. ಬಹುಪಾಲು ಹಗಲುರಾತ್ರಿ ತೆರೆದಿರುತ್ತವೆ. ಯಾರೂ ಮಾತಾಡಿಸುವುದಿಲ್ಲ, ನಿಧಾನವಾಗಿ ನೋಡಬಹುದು. ಹೊಸಬರಿಗೆ ಇದೇ ಒಳ್ಳೆಯ ಶಾಲೆ.

ಒನಿಗಿರಿಯಿಂದ ಶುರು ಮಾಡಿ. "ನಿಗಿರು" ಎಂದರೆ ಅಂಗೈಯಲ್ಲಿ ಒತ್ತಿ ಹಿಡಿಯೋದು. ನಾವು ರಾಗಿಮುದ್ದೆ ಕಟ್ಟಿದ ಹಾಗೆ ಅವರು ಅನ್ನ ಕಟ್ಟಿದ್ದಾರೆ, ತಿನ್ನೋದೂ ಕೈಯಲ್ಲೇ. ಬೆಲೆ ಹೆಚ್ಚೂಕಡಿಮೆ 150ರಿಂದ 200 ಯೆನ್. ಬರೀ ಉಪ್ಪಿನದು "ಶಿಯೊ ಮುಸುಬಿ". ಹುಳಿ ಹಣ್ಣಿನ ಉಪ್ಪಿನಕಾಯಿ ಇಟ್ಟದ್ದು "ಉಮೆ".

ಬಿಚ್ಚುವುದು ಹೀಗೆ: ಪೊಟ್ಟಣದ ಮೇಲೆ 1, 2, 3 ಎಂದು ಬರೆದಿರುತ್ತದೆ. 1ರ ಪಟ್ಟಿಯನ್ನು ಮೇಲಿಂದ ಎಳೆದು ಹಿಂಬದಿಯವರೆಗೆ ಪೂರ್ತಿ ಹರಿಯಿರಿ. 2ರ ಮೂಲೆ ಹಿಡಿದು ಪಕ್ಕಕ್ಕೆ ಎಳೆಯಿರಿ. 3ರ ಮೂಲೆಯನ್ನೂ ಹಾಗೇ ಎಳೆಯಿರಿ. ಒಳಗೆ ಬೇರೆಯಾಗಿ ಇಟ್ಟಿದ್ದ ನೊರಿ ಹಾಳೆ ಆಗ ತಾನೇ ಅನ್ನಕ್ಕೆ ಅಂಟಿಕೊಳ್ಳುತ್ತದೆ. ನೊರಿ ಕಡಲ ಪಾಚಿಯ ಹಾಳೆ, ಮೀನಲ್ಲ.

ಜೊತೆಗೆ ಎದಮಾಮೆ ಹುಡುಕಿ. ಹಸಿ ಸೋಯಾಕಾಯಿಯನ್ನು ಉಪ್ಪು ಹಾಕಿ ಬೇಯಿಸಿದ್ದು. ಸಿಪ್ಪೆ ಒತ್ತಿದರೆ ಕಾಳು ಪಟಕ್ಕನೆ ಬಾಯಿಗೆ ಬರುತ್ತದೆ. ಅವರೆಕಾಯಿ ಬಿಡಿಸಿದ ಬೆರಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಳಿಗಾಲದಲ್ಲಿ ಸುಟ್ಟ ಗೆಣಸೂ ಸಿಗುತ್ತದೆ, ಹೆಸರು ಯಾಕಿ ಇಮೊ. ಸಿಹಿಗೆ ದೈಫುಕು ತಗೊಳ್ಳಿ. ಮೇಲೆ ಮೆತ್ತನೆ ಅಕ್ಕಿಹಿಟ್ಟು, ಒಳಗೆ ಅಜುಕಿ ಕಾಳಿನ ಸಿಹಿ ಹೂರಣ. ಹೋಳಿಗೆ ಬಲ್ಲ ಬಾಯಿಗೆ ಅದು ಗುರುತು ಹತ್ತುತ್ತದೆ.

ಎಚ್ಚರಿಕೆ: ಉಮೆಯಲ್ಲೂ ಮೀನಿನ ಸತ್ವ ಸೇರಿಸುವುದುಂಟು. ಪೊಟ್ಟಣದ ಹಿಂಬದಿಗೆ ಕ್ಯಾಮೆರಾ ಹಿಡಿದು ಓದಿ. ಕಡ್ಡಾಯ ಅಲರ್ಜಿ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿಯಂಥವು ಬರುತ್ತವೆ. ದನ, ಹಂದಿ, ಮೀನು ಆ ಕಡ್ಡಾಯದಲ್ಲಿಲ್ಲ. ಹಾಗಾಗಿ ಅಲರ್ಜಿಯ ಚೌಕ ಮಾತ್ರ ನೋಡಿ ನಂಬಬೇಡಿ, ಪದಾರ್ಥಗಳ ಪಟ್ಟಿಯನ್ನೇ ಪೂರ್ತಿ ಓದಿ. ಕರಿ ಪ್ಯಾನ್ ಎಂಬ ಬನ್ನಿನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ.

ಹಂತ 8: ಸೂಪರ್ ಮಾರ್ಕೆಟ್ಟಿನಲ್ಲಿ ಮೊಸರನ್ನ ಜೋಡಿಸಿ

ಮೂರು ಸಾಮಾನು ಹುಡುಕಿ. ಒಂದು, ಮೈಕ್ರೊವೇವ್‌ನಲ್ಲಿ ಎರಡು ನಿಮಿಷಕ್ಕೆ ಬಿಸಿಯಾಗುವ ಅನ್ನದ ಡಬ್ಬಿ; "ಪ್ಯಾಕ್ ಗೊಹಾನ್" ಎಂದು ಕೇಳಿ. ಎರಡು, ಸಪ್ಪೆ ಮೊಸರು. ಮೇಜಿ ಬಲ್ಗೇರಿಯಾ ಯೋಗರ್ಟ್‌ನ 400 ಗ್ರಾಂ ಪ್ಲೇನ್ ಡಬ್ಬಿ ಎಲ್ಲೆಡೆ ಸಿಗುತ್ತದೆ. ಮೂರು, ಸೌತೆಕಾಯಿ. ಬಿಸಿ ಅನ್ನ ಕಿವುಚಿ, ಮೊಸರು ಹಾಕಿ, ಊರಿನ ಉಪ್ಪಿನಕಾಯಿಯೋ ಚಟ್ನಿಪುಡಿಯೋ ಪಕ್ಕಕ್ಕಿಟ್ಟುಕೊಳ್ಳಿ. ಅಲ್ಲಿನ ಅಕ್ಕಿ ಅಂಟು ಜಾಸ್ತಿ, ಹಾಗಾಗಿ ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಎಚ್ಚರಿಕೆ: ಸಕ್ಕರೆ ಹಾಕಿದ ಮೊಸರಿನ ಡಬ್ಬಿಯೂ ಪಕ್ಕದಲ್ಲೇ ಇರುತ್ತದೆ. ಕ್ಯಾಮೆರಾ ಹಿಡಿದು ಸಕ್ಕರೆ, ಜೆಲಟಿನ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ.

ಹಂತ 9: ಹೋಟೆಲಿನೊಳಗೆ ಹೋಗಿ

ಈಗ ಧೈರ್ಯವಾಗಿ ಒಂದು ಬಾಗಿಲು ತಳ್ಳಿ. ಅನೇಕ ಕಡೆ ಗಾಜಿನೊಳಗೆ ಊಟದ ಪ್ಲಾಸ್ಟಿಕ್ ಮಾದರಿ ಇಟ್ಟಿರುತ್ತಾರೆ. ಅದರ ಫೋಟೊ ತೆಗೆದು ತೋರಿಸಿದರೆ ಸಾಕು. ಬಾಗಿಲಲ್ಲಿ ಟಿಕೆಟ್ ಯಂತ್ರ ಇದ್ದರೆ ಮೊದಲು ಹಣ ಹಾಕಿ, ಚಿತ್ರದ ಗುಂಡಿ ಒತ್ತಿ, ಬಂದ ಚೀಟಿಯನ್ನು ಒಳಗೆ ಕೊಡಿ.

ಆರ್ಡರ್ ಮಾಡುವ ಮೊದಲು "ಸುಮಿಮಾಸೆನ್" ಎಂದು ಕರೆದು ನಿಮ್ಮ ಚೀಟಿ ತೋರಿಸಿ. ಹಿಂಜರಿಯುವ ನಾಲಿಗೆಗೆ ಇವು ಒಳ್ಳೆಯ ಶುರು:

• ಕಪ್ಪಾ ಮಾಕಿ: ಅನ್ನದೊಳಗೆ ಸೌತೆಕಾಯಿ ಇಟ್ಟ ಸುರುಳಿ. ಸುಶಿ ಅಂಗಡಿಯಲ್ಲೂ ಹಸಿ ಮೀನಿಲ್ಲದ ಇದು ಸಿಗುತ್ತದೆ.
• ಯಸಾಯ್ ತೆಂಪುರಾ: ತರಕಾರಿ ಬಜ್ಜಿ. ಹಿಟ್ಟಿನಲ್ಲಿ ಮೊಟ್ಟೆ ಇರಬಹುದು, ಅದ್ದುವ ರಸದಲ್ಲಿ ದಾಶಿ ಇರುತ್ತದೆ. "ಶಿಯೊ" ಎಂದು ಕೇಳಿ ಉಪ್ಪಿನ ಜೊತೆ ತಿನ್ನಿ. ಸಿಗಡಿ ಕರಿದ ಎಣ್ಣೆಯೇ ಇದಕ್ಕೂ ಆಗಿರಬಹುದು.
• ಕೊಕೊ ಇಚಿಬಾನ್ಯಾ ಅಂಗಡಿಗಳ ಕರಿ ಅನ್ನ: ಆಯ್ದ ಶಾಖೆಗಳಲ್ಲಿ ಮಾಂಸವಿಲ್ಲದ ವೆಜಿಟೇರಿಯನ್ ಕರಿ ಬೇರೆಯಾಗಿ ಇದೆ. ಖಾರದ ಮಟ್ಟವನ್ನೂ ನೀವೇ ಆರಿಸಬಹುದು.
• ಟೋಕಿಯೊ ಸ್ಟೇಷನ್ನಿನ ಟೀಸ್ ತಂತನ್: ಪ್ರಾಣಿಜನ್ಯ ಪದಾರ್ಥವೇ ಇಲ್ಲದ ರಾಮೆನ್, ಅಂದರೆ ಸಾರಿನಲ್ಲಿ ಮುಳುಗಿದ ಶ್ಯಾವಿಗೆ.

ಎಚ್ಚರಿಕೆ: ಬಹಳ ಅಂಗಡಿಗಳು ಮಧ್ಯಾಹ್ನದ ಊಟ ಮುಗಿಸಿ ಸಂಜೆ ಐದರವರೆಗೆ ಮುಚ್ಚುತ್ತವೆ. ಮೂರು ಗಂಟೆಗೆ ಹಸಿದು ಅಲೆಯಬೇಡಿ, ಒಂದೂವರೆಯೊಳಗೆ ಉಣ್ಣಿ. "ಅದು ತೆಗೆದು ಕೊಡಲು ಆಗುವುದಿಲ್ಲ" ಎಂದರೆ ಬೇಸರ ಮಾಡಿಕೊಳ್ಳಬೇಡಿ. ಸುಳ್ಳು ಹೇಳಿ ಬಡಿಸುವುದಕ್ಕಿಂತ ಅದು ಎಷ್ಟೋ ಮೇಲು. ಇಜಕಾಯಾ ಎಂಬ ಸಂಜೆ ಅಂಗಡಿಗಳಲ್ಲಿ ಕೇಳದೆಯೇ ಒಂದು ಪುಟ್ಟ ಬಟ್ಟಲು ಬಂದು ಬಿಲ್ಲಿಗೂ ಸೇರುತ್ತದೆ. ಅದರ ಹೆಸರು ಒತೊಶಿ. ಅದರಲ್ಲಿ ಏನಿದೆ ಎಂದು ಕೇಳಿಯೇ ಬಾಯಿಗಿಡಿ.

ಹಂತ 10: ಕೋಳಿ ತಿನ್ನುವವರು ಇಷ್ಟು ನೋಡಿಕೊಳ್ಳಿ

ನಾಟಿಕೋಳಿ ಸಾರು ಉಣ್ಣುವ ಮನೆಯವರೂ ದನ, ಹಂದಿ, ಹಸಿ ಮೀನು ಬೇಡ ಅನ್ನಬಹುದು. ನಿಮಗೆ ದಾರಿ ಸುಲಭ. ಕಾರಾಗೆ ಎಂದರೆ ಕರಿದ ಕೋಳಿ. ಯಾಕಿತೊರಿ ಎಂದರೆ ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟ ಕೋಳಿ. "ಶಿಯೊ" ಎಂದರೆ ಬರೀ ಉಪ್ಪು ಹಚ್ಚಿ ಕೊಡುತ್ತಾರೆ.

ಎಚ್ಚರಿಕೆ: ಹೊಕ್ಕೈದೊದ ಮುರೊರಾನ್ ಊರಿನಲ್ಲಿ ಯಾಕಿತೊರಿ ಎಂದರೆ ಹಂದಿ ಮಾಂಸ. ಒಸಾಕಾ ಕಡೆ ಬರೀ "ನಿಕು" ಎಂದರೆ ಸಾಮಾನ್ಯವಾಗಿ ದನದ್ದು. ಗ್ಯೋಜಾ ಕಡುಬಿನೊಳಗೆ ಹೆಚ್ಚಾಗಿ ಹಂದಿ, ರಾಮೆನ್ ಸಾರಿಗೂ ಹಂದಿಯ ಮೂಳೆ ಬಳಕೆಯಲ್ಲಿದೆ. ಅದಕ್ಕೇ "ತೊರಿ ದಕೆ?" ಎಂದು ಕೇಳಿ, ಅಂದರೆ "ಕೋಳಿ ಮಾತ್ರಾನಾ?" ಕೆಲವು ಕಡೆ ಕೋಳಿಯನ್ನೂ ಹಸಿಯಾಗಿ ಬಡಿಸುತ್ತಾರೆ, ಅನ್ನದ ಮೇಲೆ ಹಸಿ ಮೊಟ್ಟೆ ಒಡೆಯುತ್ತಾರೆ. "ನಮ" ಎಂಬ ಪದ ಕಿವಿಗೆ ಬಿದ್ದರೆ ನಿಂತು ವಿಚಾರಿಸಿ.

ಹಂತ 11: ಬೇಸತ್ತ ದಿನ ನಮ್ಮವರನ್ನೋ ಮಠವನ್ನೋ ಹುಡುಕಿ

ಜಪಾನಿಗೆ ಭಾರತದ ಊಟ ಹೊಸದಲ್ಲ. ಅಲ್ಲಿ ನೆಲೆಸಿದ್ದ ಸ್ವಾತಂತ್ರ್ಯ ಹೋರಾಟಗಾರ ರಾಸ್‌ಬಿಹಾರಿ ಬೋಸರ ಕೈರುಚಿ ಟೋಕಿಯೊದ ನಕಾಮುರಾಯಾ ಅಂಗಡಿಗೆ 1927ರಲ್ಲೇ ಬಂತು. ಕೇರಳದ ಎ. ಎಂ. ನಾಯರ್ 1949ರಲ್ಲಿ ಗಿಂಜಾದಲ್ಲಿ ತೆರೆದ ನಾಯರ್ಸ್ ರೆಸ್ಟೋರೆಂಟ್ ಇವತ್ತಿಗೂ ನಡೆಯುತ್ತಿದೆ. ಟೋಕಿಯೊದಲ್ಲಿದ್ದರೆ ನಿಶಿಕಸಾಯ್ ಬಡಾವಣೆಗೆ ಹೋಗಿ. ಭಾರತೀಯ ಕುಟುಂಬಗಳು ಬಹಳ ಇವೆ, ಬೇಳೆ, ಹಿಟ್ಟು, ಮಸಾಲೆ ಸಿಗುತ್ತವೆ. ಶಿನ್ ಒಕುಬೊದಲ್ಲೂ ಅಂಥ ಅಂಗಡಿಗಳಿವೆ. ಗೂಗಲ್ ಮ್ಯಾಪ್‌ನಲ್ಲಿ "ಸೌತ್ ಇಂಡಿಯನ್" ಎಂದು ಹುಡುಕಿದರೆ ದೋಸೆಯೂ ಸಿಗುತ್ತದೆ. ಮುಳಬಾಗಿಲು ದೋಸೆಯ ಗಾತ್ರ, ಮೆದುವನ್ನು ಅಲ್ಲಿ ಹುಡುಕಬೇಡಿ, ಅದಕ್ಕೆ ವಾಪಸು ಬರಲೇಬೇಕು.

ಇನ್ನೊಂದು ದಾರಿ ಶೋಜಿನ್ ರ್‍ಯೋರಿ, ಬೌದ್ಧ ಮಠಗಳ ಅಡಿಗೆ. ಮಾಂಸ ಇಲ್ಲ, ಮೀನಿಲ್ಲ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುವುದು ಅದರ ಸಂಪ್ರದಾಯ. ದಾಶಿಯನ್ನೂ ಕೊಂಬು ಮತ್ತು ಒಣ ಅಣಬೆಯಿಂದ ತೆಗೆಯುತ್ತಾರೆ. ಕೊಯಾಸಾನ್ ಬೆಟ್ಟದ ಮಠಗಳಲ್ಲಿ ಉಳಿದರೆ ರಾತ್ರಿಗೂ ಬೆಳಿಗ್ಗೆಗೂ ಇದೇ ಊಟ. ಕ್ಯೋಟೊದ ತೆನ್ರ್ಯೂಜಿ ಮಠದ ಆವರಣದಲ್ಲಿರುವ ಶಿಗೆತ್ಸು ಎಂಬ ಊಟದ ಮನೆಯಲ್ಲೂ ಸಿಗುತ್ತದೆ. ಮುಂಚೆಯೇ ಬುಕ್ ಮಾಡಿಕೊಳ್ಳಿ.

ಹಂತ 12: ದಿನಕ್ಕೆ ಒಂದೇ ಒಂದು ಹೊಸದು

ಬೆಳಿಗ್ಗೆ ಗೊತ್ತಿರುವ ಊಟ ಮಾಡಿ. ರಾತ್ರಿಯೂ ಗೊತ್ತಿರುವುದನ್ನೇ ಇಟ್ಟುಕೊಳ್ಳಿ. ಮಧ್ಯಾಹ್ನ ಮಾತ್ರ "ನೋಡೋಣ" ಸಾಲಿನಿಂದ ಒಂದು ಹೆಸರು ಆರಿಸಿ, ಚಿಕ್ಕದಾಗಿ ತಗೊಳ್ಳಿ, ಎರಡು ತುತ್ತು ತಿಂದು ನೋಡಿ. ಹಿಡಿಸಲಿಲ್ಲವೋ, ಚೀಲದಲ್ಲಿ ಒನಿಗಿರಿ ಇದ್ದೇ ಇದೆ. ಹೊಟ್ಟೆ ತುಂಬಿದ ಧೈರ್ಯ ಇದ್ದಾಗಲೇ ನಾಲಿಗೆಗೆ ಹೊಸದನ್ನು ನೋಡುವ ಮನಸ್ಸು ಬರೋದು.

ಊಟಕ್ಕೆ ಮೊದಲು ಅಲ್ಲಿನವರು ಕೈಜೋಡಿಸಿ "ಇತದಕಿಮಸ್" ಅನ್ನುತ್ತಾರೆ, ಮುಗಿದ ಮೇಲೆ "ಗೊಚಿಸೋಸಮಾ". ನೀವೂ ಹೇಳಿ. ಚೀಟಿ ತೋರಿಸಿ ಅಷ್ಟೆಲ್ಲ ಕೇಳಿದ ಮೇಲೆ ಅಡಿಗೆಯವರಿಗೆ ಸಲ್ಲಬೇಕಾದ ಮರ್ಯಾದೆ ಅದು.

ವಾಪಸು ಹೊರಡುವ ಹಿಂದಿನ ರಾತ್ರಿ ಹಂತ 1ರ ಹಾಳೆಯನ್ನು ಬಿಚ್ಚಿ ನೋಡಿ. "ತಿನ್ನುವುದಿಲ್ಲ" ಎಂಬ ಸಾಲು ನೀವು ಬರೆದ ಹಾಗೇ ಇರುತ್ತದೆ. "ನೋಡೋಣ" ಸಾಲಿನಿಂದ ಎದಮಾಮೆ, ಕಪ್ಪಾ ಮಾಕಿ, ದೈಫುಕು, ಹೀಗೆ ಮೂರೋ ನಾಲ್ಕೋ ಹೆಸರು "ತಿನ್ನುತ್ತೇನೆ" ಕಡೆಗೆ ಬಂದಿರುತ್ತವೆ. ಆ ಹಾಳೆ ಬಿಸಾಡಬೇಡಿ. ನಿಮ್ಮ ಬೀದಿಯಿಂದ ಮುಂದೆ ಜಪಾನಿಗೆ ಹೊರಡುವವರ ಕೈಗೆ ಅದನ್ನು ಕೊಡಿ.